ಬೈಗುಳದ ಪತ್ರವನ್ನು ಬಚ್ಚಿಟ್ಟ ವಾರಗಳು

ಇನ್ನೊಬ್ಬರು ಬರೆದ ಪತ್ರವನ್ನು ತೆರೆಯುವ ಮುನ್ನ ಕೈ ತೊಳೆದುಕೊಳ್ಳಬೇಕೆಂದು ನನಗೆ ಕಲಿಸಿದವರು ಸಂಸ್ಕೃತ ಪಾಠಶಾಲೆಯ ನನ್ನ ಗುರುಗಳು. ತಾಳೆಗರಿಯ ಕಟ್ಟನ್ನು ಬಿಚ್ಚುವಾಗ ಅವರು ತಪ್ಪದೆ ಹಾಗೆ ಮಾಡುತ್ತಿದ್ದರು. ಒಳಗಿರುವುದು ಶಾಸ್ತ್ರವೋ ಯಾರದೋ ಮನೆಯ ಕಷಾಯದ ಪಟ್ಟಿಯೋ ಎಂದು ಅವರು ಎಣಿಸುತ್ತಿರಲಿಲ್ಲ. ಬರೆದವನು ಎದುರಿಗೆ ಕುಳಿತಿದ್ದಾನೆಂದೇ ತಿಳಿದು ಓದು ಎನ್ನುತ್ತಿದ್ದರು. ಅವರ ಪಾದಗಳನ್ನು ನೆನೆದು, ಅವರ ಮಾತನ್ನು ನಾನು ಎಲ್ಲಿ ಮೀರಿದೆನೆಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸಣ್ಣ ಊರುಗಳ ವಾಹಿನಿಗಳಿಗೆ ಈಗ ಹೊಸದಾಗಿ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ಇದನ್ನು ಓದಿದರೆ ನನ್ನ ಶ್ರಮ ಸಾರ್ಥಕ.

ಸಿಂಧನೂರಿನ ಒಂದು ಕೇಬಲ್ ವಾಹಿನಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ನಿವೃತ್ತನಾದೆ. ನನ್ನ ಕೆಲಸ ಎರಡು: ಸುದ್ದಿಯ ಬರಹವನ್ನು ತಿದ್ದುವುದು, ವೀಕ್ಷಕರಿಂದ ಬಂದ ಪತ್ರಗಳನ್ನು ತೆರೆಯುವುದು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತಾಮ್ರದ ತಂಬಿಗೆಯಲ್ಲಿ ಮನೆಯ ನೀರು ತುಂಬಿಸಿಕೊಂಡು ಕಚೇರಿಗೆ ಹೋಗುತ್ತಿದ್ದೆ. ಹೊರಗಿನ ನೀರು ಮುಟ್ಟುತ್ತಿರಲಿಲ್ಲ. ಅದನ್ನು ಎಲ್ಲರೂ ನೇಮವೆಂದು ಗೌರವಿಸುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ನಮ್ಮ ವಾಹಿನಿಯ ಹೆಸರನ್ನು ಮೂರು ತಾಲ್ಲೂಕಿನ ಜನ ಮರೆತರೂ ಶನಿವಾರ ಸಂಜೆ ಏಳು ಗಂಟೆಯ ‘ಕಟ್ಟಿ ಮ್ಯಾಲಿನ ಸುದ್ದಿ’ಯನ್ನು ಮರೆಯುತ್ತಿರಲಿಲ್ಲ. ಗೊರೇಬಾಳದಿಂದ ಬಂದು ಸಿಂಧನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಬಸಲಿಂಗಪ್ಪನವರು ರುಮಾಲು ಸುತ್ತಿ, ಬೇವಿನ ಮರದ ಚಿತ್ರವಿದ್ದ ಪರದೆಯ ಮುಂದೆ ಒಂದು ಮರದ ಮಣೆಯ ಮೇಲೆ ಕುಳಿತು, ವಾರದ ಸುದ್ದಿಯನ್ನು ವ್ಯಂಗ್ಯವಾಗಿ ಹೇಳುತ್ತಿದ್ದರು. ಸುದ್ದಿ ನಿಜವಾದುದೇ, ಹೇಳುವ ಬಗೆ ಮಾತ್ರ ಅವರದು. ಬಸ್ ನಿಲ್ದಾಣದ ಹೊಸ ಶೌಚಾಲಯಕ್ಕೆ ಆರು ತಿಂಗಳು ಬೀಗ ಬಿದ್ದಿದ್ದಾಗ, ಊರಿನಲ್ಲಿ ಇಷ್ಟು ದಿನ ಸ್ವಚ್ಛವಾಗಿ ಉಳಿದ ಏಕೈಕ ಸ್ಥಳವೆಂದು ಆ ಬೀಗಕ್ಕೆ ಹೂಮಾಲೆ ಹಾಕಿ ಬಂದಿದ್ದರು. ಮರುವಾರ ಬೀಗ ತೆರೆಯಿತು.

ಆದರೆ ಜನ ಕಾಯುತ್ತಿದ್ದುದು ಕೊನೆಯ ಐದು ನಿಮಿಷಕ್ಕೆ. ಅದು ಬಸಲಿಂಗಪ್ಪನವರೇ ಹಾಕಿದ ಪದ್ಧತಿ. ಊರನ್ನೆಲ್ಲ ಗೇಲಿ ಮಾಡುವವನು ವಾರಕ್ಕೊಮ್ಮೆ ಊರಿನವರಿಂದ ಬೈಸಿಕೊಳ್ಳಬೇಕು. ಆ ವಾರ ಬಂದ ಪತ್ರಗಳಲ್ಲಿ ಅವರನ್ನು ಅತ್ಯಂತ ಕಠಿಣವಾಗಿ ಬೈದದ್ದನ್ನು ನಾನು ಆರಿಸಿ, ಮಡಿಚಿ, ಮಣೆಯ ಪಕ್ಕದಲ್ಲಿಡಬೇಕು. ಅವರು ಅದನ್ನು ಮೊದಲೇ ನೋಡುವಂತಿಲ್ಲ. ಎಲ್ಲರೆದುರು ಬಿಚ್ಚಿ, ಒಂದಕ್ಷರ ಬಿಡದೆ ಓದಿ, ಉತ್ತರ ಕೊಡದೆ, ಕೈ ಮುಗಿದು “ಬೈದವ್ರಿಗೆ ಶರಣು” ಎಂದು ಎದ್ದು ಹೋಗುತ್ತಿದ್ದರು.

ಮೊದಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಮುದಗಲ್ಲಿನ ಒಬ್ಬ ಬಳೆ ಅಂಗಡಿಯ ತಾಯಿ ಬರೆದ ಕಾರ್ಡು ಬಂದಿತ್ತು. ತಮ್ಮ ಓಣಿಯ ಚರಂಡಿಯನ್ನು ಬಸಲಿಂಗಪ್ಪ ಪ್ರಸಿದ್ಧಿಗೆ ತಂದನೇ ಹೊರತು ಅದರ ನಾತವನ್ನು ಒಂದಿಷ್ಟೂ ಕಡಿಮೆ ಮಾಡಲಿಲ್ಲವೆಂದು ಆಕೆ ಬೈದಿದ್ದರು. ಭಾಷೆ ಒರಟಾಗಿತ್ತು. ನನ್ನ ಓದಿನ ಅಹಂಕಾರದಿಂದ ನಾನು ಅದನ್ನು ಸೌಮ್ಯಗೊಳಿಸಿ, ಬೇರೆ ಹಾಳೆಗೆ ಬರೆದುಕೊಟ್ಟೆ. ಬಸಲಿಂಗಪ್ಪನವರು ಓದಿದರು. ಸೋಮವಾರ ಆಕೆ ಬಸ್ಸು ಹತ್ತಿ ಕಚೇರಿಗೇ ಬಂದು, ಅದು ತನ್ನ ಪತ್ರವಲ್ಲವೆಂದು ಜಗಳವಾಡಿ ಹೋದರು. ಆಕೆ ಹೋದ ಮೇಲೆ ಬಸಲಿಂಗಪ್ಪನವರು ನನ್ನ ಮೇಜಿನ ಮುಂದೆ ನಿಂತು ಮೆಲ್ಲಗೆ ಹೇಳಿದರು:

“ಸ್ವಾಮ್ಯಾರ, ಬೈಗುಳಾನ ಒಗದು ಇಸ್ತ್ರಿ ಮಾಡಬ್ಯಾಡ್ರಿ. ಹೊಲಸಿದ್ರ ಹೊಲಸs ಕೊಡ್ರಿ. ಅದು ಅವ್ರ ಆಸ್ತಿ.”

ಆ ಮಾತನ್ನು ನಾನು ಬಹುಕಾಲ ಪಾಲಿಸಿದೆ.

ಕಾಲಕ್ರಮದಲ್ಲಿ ಕಾರ್ಡುಗಳು ನಿಂತವು. ಕಚೇರಿಗೊಂದು ಮೊಬೈಲ್ ಬಂತು. ಅದರ ಸಂಖ್ಯೆ ಪರದೆಯ ಕೆಳಗೆ ಹರಿಯತೊಡಗಿತು. ಜನ ತಮ್ಮ ಬೈಗುಳವನ್ನು ದನಿಯಲ್ಲಿಯೇ ಕಳಿಸತೊಡಗಿದರು. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಒಂದೊಂದನ್ನೂ ಕೇಳಿ, ಆರಿಸಿದ್ದನ್ನು ಕಾಗದಕ್ಕೆ ಇಳಿಸುತ್ತಿದ್ದೆ. ಈ ಬದಲಾವಣೆಯನ್ನು ಹೊಸಬರು ಹಗುರವಾಗಿ ಎಣಿಸಬಾರದು. ಕಾಗದದ ಮೇಲಿನ ಬೈಗುಳವನ್ನು ಮೇಜಿನ ಮೇಲಿಟ್ಟು ದೂರ ಸರಿಯಬಹುದು. ಕಿವಿಯೊಳಗೆ ಬಿದ್ದ ದನಿಯಿಂದ ಸರಿಯಲು ಜಾಗವಿಲ್ಲ. ಹಿಂದೆ ಪಾತ್ರೆ ಬೀಳುವ ಸದ್ದು, ಮಗುವಿನ ಅಳು, ಪಕ್ಕದಲ್ಲಿ ಕುಳಿತವರ ನಗು ಎಲ್ಲವೂ ಜೊತೆಗೆ ಬರುತ್ತವೆ.

ಹೀಗಿರುವಾಗ ಬಸಲಿಂಗಪ್ಪನವರ ಗಂಟಲಿಗೆ ಹುಣ್ಣಾಯಿತು. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು, ದನಿ ಉಳಿಯಲಿಲ್ಲ. ಲಿಂಗಸುಗೂರಿನಲ್ಲಿದ್ದ ಮಗಳ ಮನೆಗೆ ಹೋಗಿ, ಒಂದು ಪಾಟಿಯ ಮೇಲೆ ಬಳಪದಲ್ಲಿ ಬರೆದು ಮಾತನಾಡತೊಡಗಿದರು. ತಮ್ಮ ಮಣೆಯ ಮೇಲೆ ಯಾರು ಕೂಡಬೇಕೆಂದು ನಾವು ಕೇಳಿದಾಗ ಅವರು ಬರೆದ ಹೆಸರು ಸುಜಾತಾ.

ಸುಜಾತಾ ಮಸ್ಕಿಯವಳು. ಬೌದ್ಧ ಮನೆತನ. ತಂದೆ ನಿವೃತ್ತ ಮುಖ್ಯೋಪಾಧ್ಯಾಯರು. ಖಾಸಗಿ ಶಾಲೆಯ ಕೆಲಸ ಬಿಟ್ಟು ನಮ್ಮಲ್ಲಿಗೆ ಬಂದು ನಾಲ್ಕು ವರ್ಷದಿಂದ ಮಾರುಕಟ್ಟೆಯ ಧಾರಣೆ ಓದುತ್ತಿದ್ದಳು. ನೆಲ್ಲಿನ ಧಾರಣೆ ಓದುವಾಗಲೇ ನಡುವೆ ಒಂದು ಮಾತು ಸೇರಿಸಿ ನಗಿಸುವಷ್ಟು ಚುರುಕು ಅವಳಿಗಿತ್ತು. ಬಸಲಿಂಗಪ್ಪನವರ ಬರಹಕ್ಕೆ ಕೊನೆಯ ಎರಡು ವರ್ಷ ಅರ್ಧಕ್ಕರ್ಧ ಮಾತು ಒದಗಿಸಿದವಳು ಅವಳೇ ಎಂಬುದು ನೋಡುವವರಿಗೆ ತಿಳಿದಿರಲಿಲ್ಲ.

ವಾಹಿನಿಯ ಯಜಮಾನರು ಒಳ್ಳೆಯ ವ್ಯಾಪಾರಸ್ಥರು. ಗಲಾಟೆಯಾದಾಗ ಮಾತ್ರ ಕಚೇರಿಗೆ ಬರುವವರು. ಅವರು ಪಾಟಿಯ ಮೇಲಿನ ಹೆಸರನ್ನು ಓದಿ, “ಹನ್ನೆರಡು ಶನಿವಾರ ನೋಡ್ತೀನಿ. ಮಂದಿ ಒಪ್ಪಿದ್ರ ಆಕಿ ಕುಂದ್ರಲಿ. ಇಲ್ಲಂದ್ರ ಕಾರ್ಯಕ್ರಮಾನ ಬಂದ್,” ಎಂದರು. ಧಾರಣೆ ಓದುವ ಕೆಲಸಕ್ಕೆ ಅಷ್ಟರಲ್ಲಾಗಲೇ ಬೇರೊಬ್ಬರನ್ನು ನೇಮಿಸಿದ್ದರು. ಹನ್ನೆರಡು ಶನಿವಾರ ಕಳೆದು ಜನ ಒಪ್ಪದಿದ್ದರೆ ಅವಳಿಗೆ ಮರಳಿ ಹೋಗಲು ಕುರ್ಚಿ ಇರಲಿಲ್ಲ.

ಮೊದಲ ಶನಿವಾರ ಅವಳು ಗೊರೇಬಾಳದ ಹೊಸ ಬಸ್ ತಂಗುದಾಣವನ್ನು ತೋರಿಸಿದಳು. ಕಟ್ಟಿದವರು ಅದರ ಬೆನ್ನನ್ನು ರಸ್ತೆಯ ಕಡೆಗೂ ಮುಖವನ್ನು ಗದ್ದೆಯ ಕಡೆಗೂ ಮಾಡಿದ್ದರು. ಹೊಸ ಸೊಸೆಯಂತೆ ಬಸ್ಸನ್ನು ಕಂಡು ನಾಚಿ ತಿರುಗಿ ಕುಳಿತಿದೆ ಎಂದಳು. ನಾನು ನಕ್ಕೆ. ಕಾರ್ಯಕ್ರಮ ಗೆದ್ದಿತೆಂದುಕೊಂಡೆ.

ಸೋಮವಾರ ಕೈ ತೊಳೆದುಕೊಂಡು ಮೊಬೈಲ್ ತೆಗೆದೆ. ಅಷ್ಟೊಂದು ಸಂದೇಶಗಳು ಹಿಂದೆಂದೂ ಬಂದಿರಲಿಲ್ಲ.

ಮೊದಲನೆಯವನು ಬಸಲಿಂಗಪ್ಪನವರಿಗಾಗಿ ಅತ್ತಿದ್ದ. ಅದು ನ್ಯಾಯ. ಎರಡನೆಯವನು ಹೆಂಗಸಿನ ಬಾಯಲ್ಲಿ ಗೇಲಿ ಕೇಳುವ ಗತಿ ಬಂತೆಂದ. ಮೂರನೆಯವನು ಯಾರ ಮಗಳೆಂದು ಕೇಳಿದ. ನಾಲ್ಕನೆಯವನು ಯಾರ ಮಗಳೆಂದು ತನಗೆ ಗೊತ್ತು ಎಂದ. ಆಮೇಲೆ ಬಂದದ್ದನ್ನು ನಾನು ಇಲ್ಲಿ ಬರೆಯಲಾರೆ. ಒಂದನ್ನು ಮಾತ್ರ ಹೇಳುತ್ತೇನೆ. ಲಿಂಗಸುಗೂರಿನ ಕಡೆಯ ಒಬ್ಬ ವೃದ್ಧರು, ಏರದ ದನಿ, ಪೂಜೆಯ ಗಂಟೆ ಹಿಂದೆ ಕೇಳಿಸುತ್ತಿತ್ತು, “ಆಕಿ ಎದ್ದ ಮ್ಯಾಲೆ ಆ ಮಣಿ ತೊಳಸ್ರೆಪಾ. ನಾಳೆ ಬಸಲಿಂಗಪ್ಪ ಆರಾಮಾಗಿ ಬಂದ್ರ ಅವ್ನು ಕುಂದ್ರಬೇಕಲ್ಲ,” ಎಂದಿದ್ದರು. ಬೈದಂತೆಯೇ ಇರಲಿಲ್ಲ. ಮನೆಯವರಿಗೆ ಕೆಲಸ ನೆನಪಿಸಿದಂತಿತ್ತು.

ಅದು ಹನ್ನೊಂದನೆಯ ಸಂದೇಶ. ನಾನು ಕೇಳಿದ್ದನ್ನೆಲ್ಲ ಅಭ್ಯಾಸದಂತೆ ಕಾಗದಕ್ಕೆ ಇಳಿಸಿ, ಇಯರ್‌ಫೋನ್ ತೆಗೆದಿಟ್ಟೆ. ಉಳಿದವನ್ನು ಕೇಳಲಿಲ್ಲ. ಎಲ್ಲವೂ ಇಂಥವೇ ಇರುತ್ತವೆಂದು ತೀರ್ಮಾನಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ಪತ್ರವನ್ನು ಪೂರ್ತಿ ನೋಡದೆ ಬಿಟ್ಟದ್ದು ಅದೇ ಮೊದಲು. ಆ ವೃದ್ಧರ ದನಿ ನಮ್ಮ ಮನೆಯ ಹಿರಿಯರ ದನಿಯಂತೆಯೇ ಕೇಳಿಸಿತೆಂಬುದೂ ಇದಕ್ಕೆ ಕಾರಣವಿರಬೇಕು. ಮೇಜಿನ ಮೇಲೆ ನನ್ನ ತಂಬಿಗೆ ಇತ್ತು.

ಪದ್ಧತಿಯಂತೆ ಶನಿವಾರ ಅವಳ ಪಕ್ಕದಲ್ಲಿ ಒಂದು ಪತ್ರ ಇಡಬೇಕು. ಆ ಹಾಳೆಗಳಲ್ಲಿ ಯಾವುದನ್ನು ಇಡಲಿ? ಮೂವತ್ತೆರಡರ ಹೆಣ್ಣುಮಗಳು ಮೂರು ತಾಲ್ಲೂಕು ನೋಡುತ್ತಿರುವಾಗ ಬಿಚ್ಚಿ, ಒಂದಕ್ಷರ ಬಿಡದೆ ಓದಬೇಕಲ್ಲ. ನಾನು ಹಾಳೆಗಳನ್ನು ಕೆಂಪು ವಸ್ತ್ರದಲ್ಲಿ ಕಟ್ಟಿ ಕಪಾಟಿನಲ್ಲಿಟ್ಟೆ. ವಳಕಮದಿನ್ನಿಯ ರೈತನೊಬ್ಬನ ಹೆಸರಿನಲ್ಲಿ ನಾನೇ ಒಂದು ಪತ್ರ ಬರೆದೆ. ಕಳೆದ ಶನಿವಾರ ನಮ್ಮ ಮನೆಯ ಎಂಟೂ ಜನ ಕುಳಿತು ನೋಡಿದೆವು, ತಂಗಿ ಬಹಳ ಅವಸರದಿಂದ ಮಾತನಾಡುತ್ತಾಳೆ, ನಗಲು ಬಿಡುವು ಕೊಡುವುದಿಲ್ಲ, ಇದು ಸರಿಯಲ್ಲ ಎಂಬ ಬೈಗುಳ. ಅವಳು ಓದಿದಳು. ಕೈ ಮುಗಿದಳು. ಮಣೆಯಿಂದ ಏಳುವಾಗ ಮುಖದಲ್ಲಿ ಹಗುರ ಕಂಡಿತು. ನಾನು ಪುಣ್ಯದ ಕೆಲಸ ಮಾಡಿದೆನೆಂದೇ ನಂಬಿದೆ.

ಮುಂದಿನ ವಾರ ಗೊರೇಬಾಳದ ಹೆಸರಿನಲ್ಲಿ ಬರೆದೆ. ಅದರ ಮುಂದಿನ ವಾರ ಮುದಗಲ್ಲಿನ ಹೆಸರಿನಲ್ಲಿ. ಸೋಮವಾರದ ಸಂದೇಶಗಳನ್ನು ತಲಾ ಎರಡು ಮೂರು ಕೇಳಿ ಬಿಡುತ್ತಿದ್ದೆ. ಬೈದವರು ಈಗ ಹೊಸದೊಂದು ಮಾತು ಹಿಡಿದಿದ್ದರು. ತಮ್ಮ ಪತ್ರವನ್ನು ಓದಲು ಆಕೆಗೆ ಧೈರ್ಯವಿಲ್ಲ, ಬಸಲಿಂಗಪ್ಪನಾದರೆ ಓದುತ್ತಿದ್ದ ಎನ್ನುತ್ತಿದ್ದರು.

ಆರನೆಯ ವಾರ, ನಾನು ಬರೆದ ಆ ಮೊದಲ ಸುಳ್ಳು ಪತ್ರದ ಬಗ್ಗೆ, ವಳಕಮದಿನ್ನಿಯಿಂದಲೇ ಒಂದು ಸಂದೇಶ ಬಂತು. ಅದು ನಮ್ಮ ಮೊಬೈಲಿಗೆ ಬರುವ ಮೊದಲೇ ಊರೂರಿನ ಮೊಬೈಲುಗಳಿಗೆ ಹೋಗಿತ್ತು. ಚಹಾದಂಗಡಿಯಲ್ಲಿ ನಾಲ್ಕಾರು ಜನ ಕುಳಿತು ನಗುತ್ತಾ ಮಾತನಾಡಿದ್ದರು.

“ಆಕಿ ಮೊದ್ಲು ಕುಂತ ಶನಿವಾರ ಸಂಜಿಮುಂದ ನಮ್ಮೂರ ತೂಬಿಗೆ ಕಾಲುವಿ ನೀರು ಬಂದಿತ್ರೀ, ಇಪ್ಪತ್ತು ದಿನದ ಮ್ಯಾಲೆ. ಮುದುಕರು-ಹೆಂಗಸರು ಎಲ್ರೂ ಸಲಿಕಿ ಹಿಡ್ಕೊಂಡು ಬದುವಿನ ಮ್ಯಾಲಿದ್ವಿ. ಊರಾಗ ನಾಯಿನೂ ಇದ್ದಿಲ್ಲ. ಅದ್ಯಾವ ಮನ್ಯಾಗ ಎಂಟು ಮಂದಿ ಕುಂತು ಟೀವಿ ನೋಡ್ಯಾರಂತ, ಆ ಪುಣ್ಯಾತ್ಮನ ಹೆಸರು ಹೇಳ್ರಿ, ಸನ್ಮಾನ ಮಾಡ್ತೀವಿ.”

ನಾನು ಹುಟ್ಟಿದ್ದು ಲಿಂಗಸುಗೂರಿನ ಕಡೆಯ ಒಣಭೂಮಿಯಲ್ಲಿ, ಬೆಳೆದದ್ದು ಪಾಠಶಾಲೆಯಲ್ಲಿ, ದುಡಿದದ್ದು ಪೇಟೆಯಲ್ಲಿ. ಕಾಲುವೆಯ ಕೊನೆಯ ಭಾಗದ ಊರಿಗೆ ನೀರಿನ ಸರದಿ ಬಂದ ಸಂಜೆ ಮನೆಗಳು ಖಾಲಿಯಾಗುತ್ತವೆಂಬುದು ಇಲ್ಲಿನ ಪ್ರತಿಯೊಬ್ಬ ಕೂಲಿಯವನಿಗೂ ಗೊತ್ತು, ನನಗೆ ಹೊಳೆದಿರಲಿಲ್ಲ. ಬರೆದವನು ಎದುರಿಗೆ ಕುಳಿತಿದ್ದಾನೆಂದು ತಿಳಿಯಬೇಕಾದ ನಾನು, ಎದುರಿಗೆ ಯಾರೂ ಇಲ್ಲದೆ ಬರೆದಿದ್ದೆ.

ಎರಡು ದಿನದಲ್ಲಿ ಮಾತು ಬೆಳೆಯಿತು. ಪತ್ರಗಳೆಲ್ಲ ಸುಳ್ಳು, ಆಕೆಯೇ ತನಗೆ ಬೇಕಾದಂತೆ ಬರೆದುಕೊಂಡು ಓದುತ್ತಾಳೆ ಎಂದರು. ಅಲ್ಲಿಯವರೆಗೆ ಅವಳನ್ನು ಹುಟ್ಟಿಗಾಗಿ ಬೈದವರಿಗೆ ಈಗ ಗೌರವಸ್ಥ ಕಾರಣ ಸಿಕ್ಕಿತು. ಅಲ್ಲಿಯವರೆಗೆ ಬೈಯದೇ ಇದ್ದವರೂ ಬಾಯಿ ತೆರೆದರು.

ಯಜಮಾನರು ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ಸಂದೇಶವನ್ನು ಕೇಳಿಸಿ, ಸುಜಾತಾಳ ಕಡೆ ತಿರುಗಿ, “ಏನವಾ ಇದು?” ಎಂದರು. ಅವಳು ನನ್ನ ಕಡೆ ನೋಡಿದಳು. ಅವಳಿಗೆ ಆ ಕ್ಷಣದಲ್ಲಿ ಎಲ್ಲವೂ ತಿಳಿಯಿತು. ಯಜಮಾನರೂ ಅವಳ ನೋಟವನ್ನು ಹಿಂಬಾಲಿಸಿ ನನ್ನ ಕಡೆ ತಿರುಗಿದರು, ಆದರೆ ನನ್ನ ನೆರೆತ ತಲೆ, ಹಣೆಯ ವಿಭೂತಿ ಕಂಡು ಕೂಡಲೇ ಕಣ್ಣು ತೆಗೆದರು. ನನ್ನನ್ನು ಸಂಶಯಿಸುವುದೇ ಅವರಿಗೆ ಪಾಪವೆನಿಸಿರಬೇಕು. ನಾನು ಬಾಯಿ ಬಿಡಬೇಕಾಗಿದ್ದ ಹೊತ್ತು ಅದು. ಬಿಡಲಿಲ್ಲ. ಕಾರ್ಯಕ್ರಮವನ್ನು ಮುಂದಿನ ಮಾತಿನವರೆಗೆ ನಿಲ್ಲಿಸಲು ಅಪ್ಪಣೆಯಾಯಿತು. ಅವಳು ನನ್ನ ಹೆಸರೆತ್ತದೆ ಚೀಲ ತೆಗೆದುಕೊಂಡು ಮಸ್ಕಿಯ ಬಸ್ಸಿಗೆ ಹೋದಳು. ಮಕ್ಕಳೇ, ನನ್ನ ವೃತ್ತಿಯಲ್ಲಿ ಸುಳ್ಳು ಪತ್ರ ಬರೆದದ್ದಕ್ಕಿಂತ ಆ ಮೌನ ದೊಡ್ಡ ಅಪರಾಧ. ಅದಕ್ಕೆ ದಯೆಯ ನೆಪವೂ ಇರಲಿಲ್ಲ.

ಮರುದಿನ ಪೂಜೆಗೆ ಕುಳಿತರೆ ಮಂತ್ರ ಬಾಯಿಂದ ಬಂತು, ಮನಸ್ಸು ನಿಲ್ಲಲಿಲ್ಲ. ಕೆಂಪು ವಸ್ತ್ರದ ಗಂಟನ್ನು ಹಿಡಿದು ಲಿಂಗಸುಗೂರಿಗೆ ಹೋದೆ. ಬಸಲಿಂಗಪ್ಪನವರು ಮಂಚದ ಮೇಲೆ ಒರಗಿದ್ದರು. ನಾನು ನಡೆದುದನ್ನೆಲ್ಲ ಹೇಳಿ ಹಾಳೆಗಳನ್ನು ಅವರ ಮುಂದಿಟ್ಟೆ. ಒಂದೊಂದನ್ನೂ ಓದಿದರು. ಮಣೆ ತೊಳೆಸಿರೆಂಬ ಹಾಳೆಯ ಬಳಿ ಅವರ ಕೈ ನಿಂತಿತು. ಆ ಮಾತು ಅವರ ಮೇಲಿನ ಪ್ರೀತಿಯಿಂದ ಬಂದದ್ದು ಎಂಬುದೇ ಅವರಿಗೆ ಸಹಿಸಲಾಗಲಿಲ್ಲವೆಂದು ತೋರುತ್ತದೆ. ಪಾಟಿ ಎಳೆದುಕೊಂಡು ಬರೆದರು: “ಇವು ಆಕಿವು. ಆಕಿಗಿ ಕೊಡ್ರಿ.”

ಅದೇ ಗಂಟಿನೊಂದಿಗೆ ಮಸ್ಕಿಗೆ ಇಳಿದೆ. ಸುಜಾತಾಳ ತಂದೆ ಬಾಗಿಲಲ್ಲಿ ನಿಂತು, ಬರ್ರಿ ಎಂದು ಕರೆದು, ಕುರ್ಚಿ ಹಾಕಿ, ನೀರಿನ ಲೋಟ ಕೈಗೆ ಕೊಟ್ಟರು. ಕುಡಿದೆ. ಅವರು ಅದನ್ನು ಗಮನಿಸಿದರು. ಸುಜಾತಾ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು ಓದಿದಳು. ಅಳಲಿಲ್ಲ.

“ಇವೆಲ್ಲಾ ನಂಗ ಗೊತ್ತಿದ್ದುವs ಸರ್,” ಎಂದಳು. “ಸಾಲ್ಯಾಗ ಕೇಳೀನಿ, ಬಸ್ಸಿನ್ಯಾಗ ಕೇಳೀನಿ. ಮಣಿ ಮ್ಯಾಲೆ ಕುಂತು ಓದಿದ್ರ ಬೈದವ್ರು ಸಣ್ಣವ್ರಾಗ್ತಿದ್ರು. ನೀವು ಬಚ್ಚಿಟ್ರಿ, ನಾ ಸಣ್ಣಾಕಿ ಆದೆ.”

ನಾನು ಕ್ಷಮೆ ಕೇಳಿದೆ.

“ನೀವು ದಯಾ ಮಾಡಿದ್ರಿ. ನಾ ದಯಾ ಕೇಳಿದ್ದಿಲ್ಲ, ಬಸಲಿಂಗಪ್ಪನವ್ರಿಗೆ ಏನ್ ಕೊಡ್ತಿದ್ರೀ ಅದನ್ನs ಕೇಳಿದ್ದೆ.”

ಅವಳ ತಂದೆ ಮಗಳ ಹೆಗಲ ಮೇಲೆ ಕೈಯಿಟ್ಟು, ಸಾಕು ಬಿಡವಾ ಎಂದರು.

ನಾನು ಯಜಮಾನರ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡು, ಒಂದು ಶನಿವಾರ ಬೇಡಿದೆ. ಕೊಟ್ಟರು. ಅಂದು ಮೊದಲ ಬಾರಿಗೆ ನಾನು ಕ್ಯಾಮೆರಾದ ಮುಂದೆ ನಿಂತೆ. ಪತ್ರಗಳನ್ನು ಬರೆದವನು ನಾನು, ಬಚ್ಚಿಟ್ಟವನು ನಾನು, ಈ ಹೆಣ್ಣುಮಗಳಿಗೆ ಒಂದೂ ತಿಳಿದಿರಲಿಲ್ಲ ಎಂದು ಹೇಳಿ ಕೈ ಮುಗಿದೆ. ಆಮೇಲೆ ಅವಳು ಮಣೆಯ ಮೇಲೆ ಕುಳಿತು ಆ ವೃದ್ಧರ ಮಾತನ್ನು ಒಂದಕ್ಷರ ಬಿಡದೆ ಓದಿದಳು. ದನಿ ಏರಿಸಲಿಲ್ಲ. ಶರಣು ಎಂದು ಎದ್ದಳು.

ಇದರಿಂದ ಎಲ್ಲವೂ ನೇರವಾಗುವುದೆಂದು ನಾನು ನಂಬಿದ್ದೆ. ಸೋಮವಾರ ಒಂದೂ ಬಿಡದೆ ಎಲ್ಲ ಸಂದೇಶಗಳನ್ನು ಕೇಳಿದೆ. ಜನ ನನ್ನನ್ನು ಹೊಗಳಿದ್ದರು. ಇಂಥ ವಯಸ್ಸಿನಲ್ಲಿ ತಪ್ಪು ಒಪ್ಪಿಕೊಂಡ ದೊಡ್ಡವರು, ಕರುಣೆಯಿಂದ ಮಾಡಿದ್ದು ತಪ್ಪೇ ಅಲ್ಲ ಎಂದಿದ್ದರು. ಅವಳ ಬಗ್ಗೆ ಹೇಳಿದ್ದು ಇಷ್ಟೇ: ಅವಳ ಸಲುವಾಗಿ ಅಂಥ ಹಿರಿಯರು ಎಲ್ಲರೆದುರು ತಲೆ ತಗ್ಗಿಸುವಂತಾಯಿತು. ಮಣೆಯ ಮಾತನ್ನು ಓದಿ ಮುದುಕರೊಬ್ಬರ ಮಾನ ಕಳೆದಳು.

ಯಜಮಾನರು ನನ್ನನ್ನು ಕರೆದು ಸಂತೋಷದಿಂದ, “ಸ್ವಾಮ್ಯಾರ, ನಿಮ್ಮಿಂದ ನಮ್ಮ ಮರ್ಯಾದಿ ಉಳೀತ್ರಿ. ಆ ಮಣಿ ಮ್ಯಾಲೆ ನೀವs ಕುಂದ್ರರಿ, ಮಂದಿ ಒಪ್ತಾರ,” ಎಂದರು.

ಒಲ್ಲೆನೆಂದೆ. ಹನ್ನೆರಡು ಶನಿವಾರ ತುಂಬುವ ಮೊದಲೇ ಕಾರ್ಯಕ್ರಮ ನಿಂತಿತು. ಸುಜಾತಾ ಮತ್ತೆ ಕಚೇರಿಗೆ ಬರಲಿಲ್ಲ. ಬಸಲಿಂಗಪ್ಪನವರು ಆ ಮಳೆಗಾಲ ದಾಟಲಿಲ್ಲ. ನಾನು ನಿವೃತ್ತಿಯ ಪತ್ರ ಕೊಟ್ಟೆ. ಸನ್ಮಾನ ಮಾಡುತ್ತೇವೆಂದರು, ಬೇಡವೆಂದೆ.

ಕೊನೆಯ ದಿನ ಮೊಬೈಲನ್ನು ಹಿಂದಿರುಗಿಸುವ ಮೊದಲು, ಕೇಳದೆ ಬಿಟ್ಟದ್ದನ್ನೆಲ್ಲ ಕೇಳಲು ಕುಳಿತೆ. ಮೊದಲ ವಾರದ್ದು, ಹನ್ನೊಂದರ ಮುಂದಿನದು. ಹನ್ನೆರಡನೆಯದು ಕೇವಲ ಬಸ್ಸಿನ ಸದ್ದು. ಹದಿನಾಲ್ಕನೆಯದು ಗೊರೇಬಾಳದ ಒಬ್ಬ ತಾಯಿಯ ದನಿ, ಏದುಸಿರು, ಎಲ್ಲೋ ನಡೆಯುತ್ತಾ ಮಾತನಾಡಿದ್ದರು. ಅದನ್ನು ಮೂರು ಸಲ ಕೇಳಿದೆ. ಆಮೇಲೆ ಒಂದು ಮಾತನ್ನೂ ತಿದ್ದದೆ ಕಾಗದಕ್ಕೆ ಇಳಿಸಿ, ಮಡಿಚಿ, ಮಸ್ಕಿಗೆ ಹೋದೆ.

ಸುಜಾತಾ ಮನೆಯಲ್ಲಿ ಓಣಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮಕ್ಕಳನ್ನು ಕಳಿಸಿ ಬಂದು ಕುಳಿತಳು. ನಾನು ಕಾಗದವನ್ನು ಅವಳ ಪಕ್ಕದಲ್ಲಿಟ್ಟೆ. ಅವಳು ಅದನ್ನು ನೋಡಿ, ನನ್ನನ್ನು ನೋಡಿ, ಬೆನ್ನು ನೇರ ಮಾಡಿಕೊಂಡು ಬಿಚ್ಚಿ, ಗಟ್ಟಿಯಾಗಿ ಓದಿದಳು:

“ಏನವಾ ತಂಗಿ, ನಮ್ಮೂರ ಬಸ್‌ಸ್ಟಾಂಡ್ ಬೆನ್ನ ತಿರುವೇತಿ ಅಂದಿ, ನಕ್ಕಿ, ಹೋದಿ. ಅಲ್ಲಿ ಬಸ್ಸs ನಿಂದ್ರೂದಿಲ್ಲ ಅಂಬೋದು ಯಾಕ ಹೇಳ್ಲಿಲ್ಲ? ದಿನಾ ಒಂದ್ ಮೈಲಿ ನಡೀತೀನಿ ನಾನು. ಬಸಲಿಂಗಪ್ಪ ಆಗಿದ್ರ ಬಸ್ಸಿನ ಮುಂದ ಅಡ್ಡ ಕುಂತು ಬರ್ತಿದ್ದ. ಆ ಮಣಿ ಮ್ಯಾಲೆ ಕುಂತ ಮ್ಯಾಲೆ ಅರ್ಧಾ ಹೇಳಬ್ಯಾಡ. ಮುಂದಿನ ವಾರ ಪೂರಾ ಹೇಳು, ನೋಡ್ತೀನಿ.”

ಓದಿ ಮುಗಿಸಿ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡಳು.

“ಇದು ಯಾವಾಗ ಬಂದಿತ್ತು ಸರ್?”

“ಮೊದಲ್ನೇ ವಾರ.”

ಅವಳು ಕಾಗದವನ್ನು ಮೊದಲಿನಂತೆ ಮಡಿಚಿದಳು. ಎರಡೂ ಕೈ ಜೋಡಿಸಿ, ಎದುರಿನ ಖಾಲಿ ಗೋಡೆಯ ಕಡೆಗೆ, “ಬೈದವ್ರಿಗೆ ಶರಣು,” ಎಂದಳು. ಗೊರೇಬಾಳದ ಆ ತಾಯಿಗೆ ಅದು ಕೇಳಿಸಲಿಲ್ಲ.